ಕಾಮಾ ಇರುವುದು ಉಸಿರಿಗಲ್ಲ, ಅರ್ಥಕ್ಕೆ

‘ರವಿ ಮನೆಗೆ ಬಂದು, ಕೈಕಾಲು ತೊಳೆದು, ಊಟಕ್ಕೆ ಕುಳಿತ’ ಎಂದು ನಾವು ಕನ್ನಡದಲ್ಲಿ ಬರೆಯುತ್ತೇವೆ. ‘ಬಂದು’, ‘ತೊಳೆದು’ ಎಂಬಲ್ಲಿ ಮಾತು ಕೊಂಚ ನಿಲ್ಲುತ್ತದೆ. ಅಲ್ಲಿ ಅಲ್ಪವಿರಾಮ ಹಾಕಿದರೆ ಯಾರೂ ಆಕ್ಷೇಪಿಸುವುದಿಲ್ಲ. ಇದೇ ರೂಢಿಯಿಂದ ಇಂಗ್ಲಿಷಿನಲ್ಲೂ ‘ಅಂಡ್’ ಬಂದ ಕಡೆಯೆಲ್ಲ ಕಾಮಾ ಹಾಕುವವರುಂಟು. ಆದರೆ ಅಲ್ಲಿ ಕಾಮಾ ಹೆಚ್ಚಾಗಿ ವಾಕ್ಯರಚನೆಯನ್ನು ಅನುಸರಿಸುತ್ತದೆಯೇ ಹೊರತು ಉಸಿರನ್ನಲ್ಲ. ಈ ಎರಡು ವಾಕ್ಯಗಳನ್ನು ಗಮನಿಸಿ:

‘ರವಿ ಓಪನ್ಡ್ ದಿ ಡೋರ್ ಅಂಡ್ ವಾಕ್ಡ್ ಇನ್.’

‘ರವಿ ಓಪನ್ಡ್ ದಿ ಡೋರ್, ಅಂಡ್ ಸೀತಾ ವಾಕ್ಡ್ ಇನ್.’

ಮೊದಲನೆಯದರಲ್ಲಿ ಬಾಗಿಲು ತೆರೆದವನೂ ಒಳಗೆ ಬಂದವನೂ ರವಿಯೇ. ಕರ್ತೃ ಒಂದು, ಕ್ರಿಯಾಪದ ಎರಡು. ಇಂಥಲ್ಲಿ ಕಾಮಾ ಬೇಡ. ಎರಡನೆಯದರಲ್ಲಿ ಸೀತಾ ಎಂಬ ಹೊಸ ಕರ್ತೃ ಬಂದಿದ್ದಾಳೆ. ಆದ್ದರಿಂದ ಕಾಮಾ ಬೇಕು. ಎರಡು ಭಾಗಗಳೂ ತೀರ ಚಿಕ್ಕವಾಗಿದ್ದರೆ ಅದನ್ನು ಬಿಡುವುದೂ ಉಂಟು.

ಪರೀಕ್ಷೆ ಸುಲಭ. ‘ಅಂಡ್’, ‘ಬಟ್’, ‘ಆರ್’ಗಳ ಮುಂದಿನ ಭಾಗವನ್ನಷ್ಟೇ ಓದಿ. ಅದು ತಾನೇ ಪೂರ್ಣ ವಾಕ್ಯವಾದರೆ ಕಾಮಾ ಹಾಕಿ. ‘ಯಾರು?’ ಎಂಬ ಪ್ರಶ್ನೆ ಉಳಿದರೆ ಹಾಕಬೇಡಿ.

ಈ ನಿಯಮಕ್ಕೂ ಅಪವಾದವುಂಟು. ‘ದಿ ಮ್ಯಾನೇಜರ್ ಬ್ಲೇಮ್ಡ್ ದಿ ಕ್ಲರ್ಕ್ ಹೂ ಸೈನ್ಡ್ ದಿ ಬಿಲ್ ಅಂಡ್ ರಿಸೈನ್ಡ್.’ ರಾಜೀನಾಮೆ ಕೊಟ್ಟವರು ಯಾರು? ಹೀಗೆಯೇ ಓದಿದರೆ ಗುಮಾಸ್ತ. ಕೊಟ್ಟವರು ಮ್ಯಾನೇಜರ್ ಆಗಿದ್ದರೆ ‘ಬಿಲ್’ ಆದಮೇಲೆ ಕಾಮಾ ಹಾಕಲೇಬೇಕು. ಕರ್ತೃ ಒಂದೇ ಆಗಿದ್ದರೂ ಅರ್ಥ ಕೆಡುವಲ್ಲಿ ಕಾಮಾ ನೆರವಿಗೆ ಬರುತ್ತದೆ.

ಮೂರು ಅಥವಾ ಹೆಚ್ಚು ಕ್ರಿಯೆಗಳಿದ್ದರೆ ನಡುನಡುವೆ ಕಾಮಾ ಬೇಕು: ‘ರವಿ ಕೇಮ್ ಹೋಮ್, ವಾಶ್ಡ್ ಹಿಸ್ ಹ್ಯಾಂಡ್ಸ್, ಅಂಡ್ ಸ್ಯಾಟ್ ಡೌನ್.’ ಕೊನೆಯ ‘ಅಂಡ್’ ಹಿಂದಿನ ಕಾಮಾವನ್ನು ಬ್ರಿಟಿಷ್ ಪತ್ರಿಕೆಗಳು ಸಾಮಾನ್ಯವಾಗಿ ಬಿಡುತ್ತವೆ. ಅಮೆರಿಕದ ಪುಸ್ತಕಗಳು ಹೆಚ್ಚಾಗಿ ಉಳಿಸಿಕೊಳ್ಳುತ್ತವೆ.

ಕೆಲಸಗಳ ಪಟ್ಟಿಯಲ್ಲಿ ಆ ಒಂದು ಕಾಮಾ ಇಲ್ಲದ್ದು ಅಮೆರಿಕದ ಮೇನ್ ರಾಜ್ಯದಲ್ಲಿ ಮೊಕದ್ದಮೆಗೇ ಕಾರಣವಾಯಿತು. ಯಾವ ಕೆಲಸಗಳಿಗೆ ಹೆಚ್ಚುವರಿ ವೇಳೆಯ ಭತ್ಯೆ ಇಲ್ಲವೆಂದು ಹೇಳುವ ಅಲ್ಲಿನ ಕಾನೂನು ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದಿತ್ತು. ‘ಆರ್’ ಹಿಂದೆ ಕಾಮಾ ಇರಲಿಲ್ಲ. ವಿತರಣೆ ಬೇರೆಯೇ ಒಂದು ಕೆಲಸವೋ, ವಿತರಣೆಗಾಗಿ ಕಟ್ಟುವುದಷ್ಟೇ ಅದರ ಅರ್ಥವೋ? ಹಾಲಿನ ವ್ಯಾನ್ ಚಾಲಕರು ಭತ್ಯೆ ಕೇಳಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅರ್ಥ ಅಸ್ಪಷ್ಟವೆಂದು ಚಾಲಕರ ಪರ ನಿಂತಿತು. 2018ರಲ್ಲಿ ಪ್ರಕರಣ 50 ಲಕ್ಷ ಡಾಲರಿಗೆ ರಾಜಿಯಾಯಿತು.

ಮುಂದಿನ ಸಲ ಇಂಗ್ಲಿಷಿನಲ್ಲಿ ಅರ್ಜಿ ಬರೆದಾಗ ಕ್ರಿಯಾಪದಗಳ ಕೆಳಗೆ ಗೆರೆ ಎಳೆದು, ಪ್ರತಿಯೊಂದಕ್ಕೂ ಕರ್ತೃ ಯಾರೆಂದು ಕೇಳಿಕೊಳ್ಳಿ. ಕಾಮಾ ಎಲ್ಲಿ ಬೇಕೆಂಬುದು ತಾನಾಗಿ ತಿಳಿಯುತ್ತದೆ.