ದೇವನಹಳ್ಳಿಯ ತೆಳು ಗಾಳಿಯಲ್ಲಿ ಟರ್ಬೊ ಲೆಕ್ಕ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಕಡಲತೀರಕ್ಕೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ ಶೇ 10ರಷ್ಟು ಕಡಿಮೆ. ಉಸಿರಾಡುವ ನಮಗೆ ಇದು ಅರಿವಿಗೆ ಬರುವುದಿಲ್ಲ, ಕಾರಿನ ಎಂಜಿನ್‌ಗೆ ಬರುತ್ತದೆ. ಮಂಗಳೂರಿನಲ್ಲಿ 90 ಅಶ್ವಶಕ್ತಿ ಕೊಡುವ ಸಾದಾ ಪೆಟ್ರೋಲ್ ಎಂಜಿನ್ ಇಲ್ಲಿ 81-82ಕ್ಕೆ ಇಳಿಯುತ್ತದೆ. ಟರ್ಬೊ ಇರುವ ಕಾರು ಮಾತ್ರ ಹಾಗೆ ಸೊರಗುವುದಿಲ್ಲ. ಕೊರತೆ ಬಿದ್ದ ಗಾಳಿಯನ್ನು ಅದು ತಾನೇ ಒತ್ತಿ ತುಂಬಿಕೊಳ್ಳುತ್ತದೆ. ಆ ಹೆಚ್ಚುವರಿ ಕೆಲಸಕ್ಕೆ ತೆರಬೇಕಾದ ಬೆಲೆ ಬಿಸಿಯ ರೂಪದಲ್ಲಿ ಬರುತ್ತದೆ. ಕಾರಿಗೆ ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕಪಟ್ಟಿಯಾದ ‘ಮ್ಯಾಪ್’ ಬದಲಿಸಿ, ಪಿಕಪ್ ಏರಿಸಿಕೊಳ್ಳಬೇಕೆಂದು ಆಸೆಪಡುವವರು ಮೊದಲು ನೋಡಬೇಕಾದ ಲೆಕ್ಕ ಇದೇ.

ಟರ್ಬೊ ಒಳಗಿನ ಏರ್ಪಾಡು ಸರಳ. ಸೈಲೆನ್ಸರ್ ಕಡೆಗೆ ಹೊರಟ ಬಿಸಿ ಹೊಗೆ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಕ್ಷದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್‌ಗೆ ಒತ್ತಿ ಕೊಡುತ್ತದೆ. ಸಣ್ಣ ಕಾರುಗಳ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತು ದಾಟುವುದು ಮಾಮೂಲು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ವೋಲ್ವೊ ಕಂಪನಿ 1954ರಲ್ಲಿ ತನ್ನ ಟೈಟನ್ ಲಾರಿಗೆ ಟರ್ಬೊ ಕೂಡಿಸಿ 150 ಅಶ್ವಶಕ್ತಿಯ ಎಂಜಿನ್ನಿನಿಂದ 185 ತೆಗೆಯಿತು. ಅದೇ ವೋಲ್ವೊ 1998ರಲ್ಲಿ ಹೊಸಕೋಟೆ ಬಳಿ ಲಾರಿ ಕಾರ್ಖಾನೆ ತೆರೆಯಿತು. ಇವತ್ತು ಆ ಕಂಪನಿಯ 13 ಲೀಟರಿನ ಎಂಜಿನ್ 420 ಅಶ್ವಶಕ್ತಿಯಲ್ಲೂ ಸಿಗುತ್ತದೆ, 540ರಲ್ಲೂ ಸಿಗುತ್ತದೆ. ಗಾತ್ರ ಒಂದೇ, ಅದಕ್ಕೆ ತುಂಬುವ ಗಾಳಿ ಮತ್ತು ಡೀಸೆಲ್‌ನ ಪ್ರಮಾಣ ಬೇರೆ. ಟ್ಯೂನಿಂಗ್ ಎಂಬುದು ಕಾರ್ಖಾನೆಯೊಳಗೇ ನಡೆಯುವ ಕೆಲಸ. ಹೊರಗಿನ ವರ್ಕ್‌ಶಾಪು ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ, ಅಷ್ಟೇ.

ಆ ಹೆಜ್ಜೆಗೆ ಅಡ್ಡ ಬರುವುದು ಶಾಖ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ. ಟರ್ಬೊದಲ್ಲಿ ಆಗುವುದೂ ಅದೇ. 30 ಡಿಗ್ರಿಯ ಗಾಳಿಯನ್ನು ಕಡಲಮಟ್ಟದಲ್ಲಿ ಎರಡು ಪಟ್ಟು ಒತ್ತಿದರೆ, ಶೇ 70 ದಕ್ಷತೆಯ ಕಂಪ್ರೆಸರ್‌ನಿಂದ ಅದು ಸುಮಾರು 125 ಡಿಗ್ರಿಯಾಗಿ ಹೊರಬರುತ್ತದೆ. ದೇವನಹಳ್ಳಿಯಲ್ಲಿ ಅಷ್ಟೇ ಒತ್ತಡ ಮುಟ್ಟಬೇಕಾದರೆ 2.2 ಪಟ್ಟು ಒತ್ತಬೇಕು, ಆಗ ಗಾಳಿ ಸುಮಾರು 139 ಡಿಗ್ರಿ ಇರುತ್ತದೆ. ಇದರ ಮೇಲೆ ರೀಮ್ಯಾಪ್ ಮಾಡಿಸಿ ಇನ್ನು 0.2 ಬಾರ್ ಬೂಸ್ಟ್ ಏರಿಸಿದರೆ 155ರ ಹತ್ತಿರಕ್ಕೆ ಹೋಗುತ್ತದೆ. ಕಡಲಮಟ್ಟದಲ್ಲಿ ಸಲೀಸಾಗಿ ನಡೆದ ಮ್ಯಾಪ್ ಫೈಲನ್ನು ಹಾಗೇ ತಂದು ದೊಡ್ಡಬಳ್ಳಾಪುರದ ಕಾರಿಗೆ ಸುರಿಯಬಾರದು ಎನ್ನುವುದು ಇದಕ್ಕೇ. ನಮ್ಮ ಎತ್ತರದಲ್ಲಿ ಟರ್ಬೊ ತನ್ನ ಮಿಗತೆಯಲ್ಲಿ ಒಂದಿಷ್ಟನ್ನು ಆಗಲೇ ಬಳಸಿಕೊಂಡಿರುತ್ತದೆ.

ಬಿಸಿ ಗಾಳಿ ಸಿಲಿಂಡರಿಗೆ ಹೋದರೆ ಏನಾಗುತ್ತದೆ? ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ಇಡೀ ಮಿಶ್ರಣವನ್ನು ದಾಟುವ ಮೊದಲೇ, ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಳ್ಳುತ್ತದೆ. ಇದೇ ನಾಕಿಂಗ್. ಎಂಜಿನ್ನಿನ ಮೈಗೆ ಅಂಟಿಕೊಂಡ ನಾಕ್ ಸೆನ್ಸರ್ ಆ ಅದುರನ್ನು ಹಿಡಿಯುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಕಿಡಿಯ ಸಮಯವನ್ನು ಕೆಲವು ಡಿಗ್ರಿ ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ತಡವಾಗಿ ಉರಿದ ಹೊಗೆ ಇನ್ನಷ್ಟು ಬಿಸಿಯಾಗಿ ಟರ್ಬೊ ಕಡೆಗೆ ನುಗ್ಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಆ ಹೊಗೆ 900 ಡಿಗ್ರಿ ಮೀರುವುದುಂಟು. ಬೂಸ್ಟ್ ಏರಿಸಿದ್ದರಿಂದ ಬಂದ ಶಕ್ತಿ ಕಿಡಿ ತಡವಾಗಿದ್ದರಿಂದ ಕರಗಿಹೋಗಿ, ಬಿಸಿಯೊಂದೇ ಲಾಭವಾಗಿ ಉಳಿಯುವ ಮ್ಯಾಪುಗಳೂ ಇವೆ. ಡೀಸೆಲ್ಲಿಗೆ ಈ ಬಗೆಯ ನಾಕಿಂಗ್ ಕಾಟ ಇಲ್ಲ. ಅಲ್ಲಿ ಮಿತಿ ಹಾಕುವುದು ಹೊಗೆಯ ತಾಪ ಮತ್ತು ಮಸಿ. ಹಿಂದೆ ಕಪ್ಪು ಹೊಗೆ ಬಿಟ್ಟುಕೊಂಡು ಓಡುವ ಗಾಡಿ ಶಕ್ತಿಯಾಗದ ಡೀಸೆಲ್ಲನ್ನು ರಸ್ತೆಗೆ ಚೆಲ್ಲುತ್ತಿರುತ್ತದೆ. ಬಿಎಸ್ 6 ಗಾಡಿಯಾದರೆ ಆ ಮಸಿಯೆಲ್ಲ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಬಾಳಿಕೆ ಕೆಡಿಸದೆ ಶಕ್ತಿ ಪಡೆಯುವ ದಾರಿ ಯಾವುದು? ಉತ್ತರ ಏರ್‌ಪೋರ್ಟ್ ಟ್ಯಾಕ್ಸಿ ಸ್ಟ್ಯಾಂಡಿನಲ್ಲೇ ವರ್ಷಗಟ್ಟಲೆ ನಿಂತಿತ್ತು. ಹಳೆಯ ಡೀಸೆಲ್ ಡಿಸೈರ್ ಮತ್ತು ಡೀಸೆಲ್ ಎರ್ಟಿಗಾ ಎರಡರಲ್ಲೂ ಇದ್ದದ್ದು ಫಿಯೆಟ್ ಮೂಲದ ಅದೇ 1.3 ಲೀಟರ್ ಎಂಜಿನ್. ಡಿಸೈರ್‌ನಲ್ಲಿ 75 ಅಶ್ವಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್. ಎರ್ಟಿಗಾದಲ್ಲಿ ರೆಕ್ಕೆಗಳ ಕೋನ ಬದಲಿಸಿಕೊಳ್ಳುವ ವಿಜಿಟಿ ಟರ್ಬೊ ಕೂಡಿಸಿ 90 ಅಶ್ವಶಕ್ತಿ, 200 ನ್ಯೂಟನ್ ಮೀಟರ್. ಶಕ್ತಿ ಏರಿದ್ದು ಶೇ 20, ಟಾರ್ಕ್ ಏರಿದ್ದು ಬರೀ ಶೇ 5.

ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲೇ ಟ್ಯೂನಿಂಗ್‌ನ ಜಾಣತನವಿದೆ. ಟಾರ್ಕ್ ಎಂದರೆ ಪಿಸ್ಟನ್ನಿನ ಮೇಲೆ, ಕನೆಕ್ಟಿಂಗ್ ರಾಡಿನ ಮೇಲೆ, ಕ್ಲಚ್ಚಿನ ಮೇಲೆ ಬೀಳುವ ಹೊಡೆತ. ಶಕ್ತಿ ಎಂದರೆ ಆ ಹೊಡೆತ ನಿಮಿಷಕ್ಕೆ ಎಷ್ಟು ಸಲ ಬೀಳುತ್ತದೆ ಎಂಬ ಲೆಕ್ಕವೂ ಸೇರಿದ್ದು. ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಕಾರುಗಳ 1.5 ಲೀಟರ್ ಟಿಎಸ್‌ಐ ಎಂಜಿನ್ ತೆಗೆದುಕೊಳ್ಳಿ. ಕಂಪನಿ ಹೇಳುವಂತೆ 1,600ರಿಂದ 3,500 ಸುತ್ತಿನವರೆಗೆ 250 ನ್ಯೂಟನ್ ಮೀಟರ್, 5,000 ಸುತ್ತಿಗೆ 150 ಅಶ್ವಶಕ್ತಿ. ಇದಕ್ಕೆ ಜೋಡಿಸಿರುವ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಪೆಟ್ಟಿಗೆಯ ಮಿತಿಯೂ ಸರಿಯಾಗಿ 250. ಕೆಳಗಿನ ಸುತ್ತಿನಲ್ಲಿ ಟಾರ್ಕನ್ನು 300ಕ್ಕೆ ಏರಿಸಿದರೆ ಬೆನ್ನು ಸೀಟಿಗೆ ಒತ್ತುತ್ತದೆ, ಖುಷಿಯಾಗುತ್ತದೆ, ಕ್ಲಚ್ ಸವೆಯುತ್ತದೆ. ಅದರ ಬದಲು 250ನ್ನು ದಾಟದೆ, ಮೇಲಿನ ಸುತ್ತಿನಲ್ಲಿ ಅದು ಇಳಿದುಹೋಗದಂತೆ ಹಿಡಿದಿಡಬಹುದು. 5,000 ಸುತ್ತಿನಲ್ಲಿ 150 ಅಶ್ವಶಕ್ತಿ ಎಂದರೆ ಟಾರ್ಕ್ ಆಗಲೇ 210ಕ್ಕೆ ಇಳಿದಿರುತ್ತದೆ. ಅಲ್ಲೂ 250 ನಿಲ್ಲಿಸಿದರೆ ಶಕ್ತಿ ಸುಮಾರು 178. ಗೇರ್ ಪೆಟ್ಟಿಗೆಯ ಮಿತಿ ಮೀರದೆ ಕಾಗದದ ಮೇಲೆ ಸಿಕ್ಕಿದ್ದು 28 ಅಶ್ವಶಕ್ತಿ. ಅದರಲ್ಲಿ ಎಷ್ಟು ನಿಜವಾಗಿ ಕೈಗೆ ಬರುತ್ತದೆ ಎಂಬುದು ನಮ್ಮ ತೆಳು ಗಾಳಿಯಲ್ಲಿ ಆ ಸಣ್ಣ ಟರ್ಬೊಗೆ ಎಷ್ಟು ಉಸಿರಿದೆ ಎಂಬುದರ ಮೇಲೆ ನಿಂತಿದೆ.

ಕೆಳಗಿನ ಸುತ್ತಿನಲ್ಲಿ ಟಾರ್ಕ್ ಏರಿಸುವುದರಲ್ಲಿ ಇನ್ನೊಂದು ಅಪಾಯವೂ ಉಂಟು. 1,478 ಮೀಟರ್ ಎತ್ತರದ ನಂದಿಬೆಟ್ಟದ ತಿರುವುಗಳಲ್ಲಿ ಗೇರ್ ಇಳಿಸಲು ಸೋಮಾರಿತನಪಟ್ಟು, ಮೂರನೇ ಗೇರಿನಲ್ಲೇ 1,500 ಸುತ್ತಿಗೆ ಆಕ್ಸಿಲರೇಟರ್ ಪೂರ್ತಿ ಅದುಮುವವರಿದ್ದಾರೆ. ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಟರ್ಬೊ ಎಂಜಿನ್‌ಗಳಲ್ಲಿ ಇಂಥ ಹೊತ್ತಿನಲ್ಲಿ ಆಯಿಲ್ ಹನಿಯೋ ಮಸಿಯ ಚೂರೋ ಕಿಡಿಗೂ ಮೊದಲೇ ಹೊತ್ತಿಕೊಳ್ಳುವುದುಂಟು. ಒಂದೇ ಏಟಿಗೆ ಪಿಸ್ಟನ್ ರಿಂಗಿನ ಅಂಚು ಮುರಿಯಬಲ್ಲ ಹೊಡೆತ ಅದು. ಇದನ್ನು ತಡೆಯುವ ಪರೀಕ್ಷೆ ಪಾಸಾದ ಆಯಿಲ್‌ಗೆ 2020ರಿಂದ ಎಪಿಐ ಎಸ್‌ಪಿ ಎಂಬ ದರ್ಜೆ ಇದೆ, ಡಬ್ಬದ ಹಿಂಬದಿಯಲ್ಲಿ ಬರೆದಿರುತ್ತದೆ. ಕಂಪನಿ ಹೇಳಿದ ದಪ್ಪದಲ್ಲೇ ಆ ದರ್ಜೆಯ ಆಯಿಲ್ ಹಾಕಿ, ಬದಲಿಸುವ ಅವಧಿಯನ್ನು ಅರ್ಧಕ್ಕೆ ಇಳಿಸುವುದು ರೀಮ್ಯಾಪ್ ಮಾಡಿಸುವವರ ಮೊದಲ ಖರ್ಚಾಗಬೇಕು.

ಎರಡನೆಯದು, ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ಎಂಜಿನ್‌ಗೆ ಹೋಗುವ ಮೊದಲು ತಂಪು ಮಾಡುವ ಇಂಟರ್‌ಕೂಲರ್. ಸಾದಹಳ್ಳಿ ಟೋಲಿನ ಸಾಲಿನಲ್ಲಿ ಏಪ್ರಿಲ್ ಮಧ್ಯಾಹ್ನ ಹತ್ತು ನಿಮಿಷ ನಿಂತ ಕಾರಿನ ಇಂಟರ್‌ಕೂಲರ್ ಕಾದು ಕೂತಿರುತ್ತದೆ, ಗೇಟು ದಾಟಿ ಒತ್ತಿದರೆ ಎಂಜಿನ್‌ಗೆ ಹೋಗುವುದು ಬಿಸಿ ಗಾಳಿ. ಬಾನೆಟ್ಟಿನೊಳಗೆ ತೆರೆದಿಟ್ಟ ಫ್ಯಾನ್ಸಿ ಫಿಲ್ಟರ್ ಸದ್ದು ಚೆನ್ನಾಗಿ ಮಾಡುತ್ತದೆ, ಆದರೆ ಎಳೆಯುವುದು ಎಂಜಿನ್ ಪಕ್ಕದ ಬಿಸಿ ಗಾಳಿಯನ್ನೇ. ಕಂಪನಿಯ ಮುಚ್ಚಿದ ಡಬ್ಬ, ಅದರೊಳಗೆ ಧೂಳಿಲ್ಲದ ಹೊಸ ಫಿಲ್ಟರ್ ಎಷ್ಟೋ ಮೇಲು. ಮೂರನೆಯದು ಸ್ಪಾರ್ಕ್ ಪ್ಲಗ್. ಒತ್ತಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ, ಆದ್ದರಿಂದ ಅಂತರವನ್ನು ಕೊಂಚ ತಗ್ಗಿಸಬೇಕಾಗುತ್ತದೆ.

ನಾಲ್ಕನೆಯದು ಪೆಟ್ರೋಲ್. ನೆಲಮಂಗಲದ ದಾರಿಯ ಮಾದಾವರದಲ್ಲಿರುವ ವಸ್ತುಪ್ರದರ್ಶನ ಕೇಂದ್ರದಲ್ಲಿ 2023ರ ಫೆಬ್ರುವರಿ 6ರಂದು ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು. ಎಥನಾಲ್‌ಗೆ ನಾಕಿಂಗ್ ತಡೆಯುವ ಗುಣ ಪೆಟ್ರೋಲಿಗಿಂತ ಹೆಚ್ಚು, ಆವಿಯಾಗುವಾಗ ಸಿಲಿಂಡರನ್ನು ತಂಪು ಮಾಡುವ ಗುಣವೂ ಹೆಚ್ಚು. ಟ್ಯೂನಿಂಗ್‌ಗೆ ಅದು ವರ. ಆದರೆ ಒಂದು ಗ್ರಾಂ ಪೆಟ್ರೋಲ್ ಉರಿಯಲು 14.7 ಗ್ರಾಂ ಗಾಳಿ ಬೇಕಾದರೆ ಎಥನಾಲ್‌ಗೆ 9 ಗ್ರಾಂ ಸಾಕು. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಚಿಮ್ಮಿಸಬೇಕು. ಬೂಸ್ಟ್ ಏರಿಸಿದ ಕಾರಿನಲ್ಲಿ ಇಂಜೆಕ್ಟರ್, ಪಂಪು ಆಗಲೇ ತುದಿಯಲ್ಲಿದ್ದರೆ ಮಿಶ್ರಣ ಬಡವಾಗುತ್ತದೆ, ಬಿಸಿ ಮತ್ತೆ ಏರುತ್ತದೆ. ಹೆಚ್ಚು ಆಕ್ಟೇನಿನ ಎಕ್ಸ್‌ಪಿ95 ಪೆಟ್ರೋಲ್ ಹಾಕಿ ಬರೆದ ಮ್ಯಾಪ್ ಇದ್ದರೆ ಊರೂರಿಗೂ ಅದೇ ಸಿಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇಷ್ಟಾದ ಮೇಲೆ ಮ್ಯಾಪ್ ಬರೆಯುವ ಲ್ಯಾಪ್‌ಟಾಪ್. ಒಳ್ಳೆಯ ಟ್ಯೂನರ್ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಬಂದ ದೊಡ್ಡ ಸಂಖ್ಯೆ ತೋರಿಸಿ ಸುಮ್ಮನಾಗುವುದಿಲ್ಲ, ಲಾಗ್ ತೋರಿಸುತ್ತಾರೆ. ಒಂದೇ ಗೇರಿನಲ್ಲಿ 2,000ದಿಂದ 6,000 ಸುತ್ತಿನವರೆಗೆ ಎಳೆದಾಗಿನ ಬೂಸ್ಟ್, ಒಳಬರುವ ಗಾಳಿಯ ತಾಪ, ಪ್ರತಿ ಸಿಲಿಂಡರಿನಲ್ಲಿ ಕಿಡಿ ಎಷ್ಟು ಡಿಗ್ರಿ ಹಿಂದೆ ಸರಿಯಿತು ಎಂಬುದು ಅದರಲ್ಲಿರಬೇಕು. ಮೂರು ಸಿಲಿಂಡರುಗಳಲ್ಲಿ ಸೊನ್ನೆ ಇದ್ದು, ಒಂದರಲ್ಲಿ ಮಾತ್ರ ಪ್ರತಿ ಸಲವೂ ಮೂರು ನಾಲ್ಕು ಡಿಗ್ರಿ ಸರಿಯುತ್ತಿದ್ದರೆ ಆ ಸಿಲಿಂಡರ್ ದೂರು ಹೇಳುತ್ತಿದೆ ಎಂದೇ ಅರ್ಥ. ಸೆನ್ಸರ್ ವೈರಿಗೆ ಸಿಕ್ಕಿಸುವ ಅಗ್ಗದ ಟ್ಯೂನಿಂಗ್ ಬಾಕ್ಸ್‌ಗಳ ತೊಂದರೆ ಇಲ್ಲೇ. ಅವು ಇಸಿಯುಗೆ ಸುಳ್ಳು ಒತ್ತಡ ಹೇಳಿ ಕೆಲಸ ಮಾಡಿಸಿಕೊಳ್ಳುತ್ತವೆ, ಲಾಗ್‌ನಲ್ಲೂ ಅದೇ ಸುಳ್ಳು ಕಾಣುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊರತಾದ ಮಾರ್ಪಾಡನ್ನು ಒಪ್ಪುವುದಿಲ್ಲ. 182ಎ ಕಲಮಿನಡಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ವಾರಂಟಿ, ವಿಮೆಯ ತಕರಾರು ಬೇರೆ.

ಕೊನೆಗೆ, ಟ್ಯೂನರ್ ಹತ್ತಿರ ಹೋದಾಗ ಎಷ್ಟು ಅಶ್ವಶಕ್ತಿ ಬೇಕು ಎನ್ನುವುದಕ್ಕಿಂತ ಮೊದಲು ಗಾಡಿ ಎಲ್ಲಿ ಓಡುತ್ತದೆ ಎಂದು ಹೇಳಿ. ಲಾರಿಯೊಂದನ್ನು ಹಿಂದಿಕ್ಕಲು ಪೂರ್ತಿ ಶಕ್ತಿ ಬೇಕಾಗುವುದು ನಾಲ್ಕೈದು ಸೆಕೆಂಡು, ಅಷ್ಟರಲ್ಲಿ ಲೋಹ ಕಾಯುವುದಿಲ್ಲ. ಅದೇ ಕಾರನ್ನು ಚೆನ್ನೈ ಬಳಿಯ ಇರುಂಗಾಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿಸಿದರೆ ಆಯಿಲ್, ನೀರು, ಬ್ರೇಕು ಎಲ್ಲವೂ ಕಾದುಹೋಗುತ್ತವೆ. ಹೊಸಕೋಟೆಯಿಂದ ಚೆನ್ನೈ ಎಕ್ಸ್‌ಪ್ರೆಸ್‌ವೇ ಹಿಡಿದು ಮಟ್ಟಸ ವೇಗದಲ್ಲಿ ಹೋಗುವವರಿಗೆ ಒಂದು ಮ್ಯಾಪ್, ಮನೆಮಂದಿಯನ್ನೆಲ್ಲ ತುಂಬಿಕೊಂಡು ಪ್ರತಿ ಭಾನುವಾರ ನಂದಿಬೆಟ್ಟ ಹತ್ತುವವರಿಗೆ ಇನ್ನೊಂದು. ಟ್ರ್ಯಾಕಿಗೆ ಹೋಗುವವರಾದರೆ ಮ್ಯಾಪಿಗೂ ಮೊದಲು ದೊಡ್ಡ ರೇಡಿಯೇಟರ್, ಆಯಿಲ್ ಕೂಲರ್, ಬ್ರೇಕಿಗೆ ದುಡ್ಡು ಎತ್ತಿಡಿ.