ಕಪ್ಪು ಮಲ: ಮೇದೋಜೀರಕದ ಕಲ್ಲು ಕೊಡುವ ಎಚ್ಚರಿಕೆ



ಮಲದಲ್ಲಿ ರಕ್ತ ಕಂಡರೆ ನಾವು ಮೂಲವ್ಯಾಧಿ ಎನ್ನುತ್ತೇವೆ. ಮಲ ಡಾಂಬರಿನಂತೆ ಕಪ್ಪಾದರೆ ‘ಉಷ್ಣವಾಗಿದೆ’ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತೇವೆ. ಆದರೆ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಳಿರುವವರಿಗೆ ಈ ತಾತ್ಸಾರ ಪ್ರಾಣಕ್ಕೇ ಎರವಾಗಬಹುದು.

ಮೇದೋಜೀರಕವು ಜಠರದ ಹಿಂದೆ ಅಡ್ಡಲಾಗಿರುವ, ಸುಮಾರು 15 ಸೆಂ.ಮೀ. ಉದ್ದದ ಗ್ರಂಥಿ. ಆಹಾರ ಕರಗಿಸುವ ರಸವನ್ನೂ ಇನ್ಸುಲಿನ್ನನ್ನೂ ತಯಾರಿಸುವುದು ಅದರ ಕೆಲಸ. ಅಲ್ಲಿ ಉರಿಯೂತ ವರ್ಷಗಟ್ಟಲೆ ಉಳಿದರೆ ರಸನಾಳದಲ್ಲಿ ಸುಣ್ಣದ ಅಂಶ ಗಟ್ಟಿಯಾಗಿ ಕಲ್ಲಾಗುತ್ತದೆ.

ಕಲ್ಲಿಗೂ ರಕ್ತಕ್ಕೂ ಏನು ಸಂಬಂಧ? ಕಲ್ಲು ನಾಳವನ್ನು ಕಟ್ಟಿದಾಗ ರಸ ಹೊರಹೋಗದೆ ಉರಿಯೂತ ಹೆಚ್ಚುತ್ತದೆ. ಗ್ರಂಥಿಯ ಮೇಲಂಚಿನಲ್ಲೇ ಗುಲ್ಮಕ್ಕೆ ರಕ್ತ ಒಯ್ಯುವ ಅಪಧಮನಿ ಇದೆ. ಆಹಾರ ಕರಗಿಸಬೇಕಾದ ರಸ ಅದರ ಗೋಡೆಯನ್ನೇ ಸವೆಸಿದರೆ ಅಲ್ಲಿ ಉಬ್ಬು ಎದ್ದು ಒಡೆಯುತ್ತದೆ. ರಕ್ತ ರಸನಾಳದ ಮೂಲಕ ಸಣ್ಣ ಕರುಳಿಗೆ ಇಳಿಯುತ್ತದೆ. ಸ್ವೀಡನ್ನಿನ ಶಸ್ತ್ರವೈದ್ಯ ಫಿಲಿಪ್ ಸ್ಯಾಂಡ್‌ಬ್ಲೋಮ್ 1970ರಲ್ಲಿ ಇದಕ್ಕೆ ‘ಹೀಮೋಸಕ್ಕಸ್ ಪ್ಯಾಂಕ್ರಿಯಾಟಿಕಸ್’ ಎಂದು ಹೆಸರಿಟ್ಟರು. ಇನ್ನು ಕೆಲವರಲ್ಲಿ ಗ್ರಂಥಿಯ ಹಿಂದಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಜಠರದ ನಾಳಗಳು ಉಬ್ಬಿ ಒಡೆಯುತ್ತವೆ; ಆಗ ರಕ್ತವಾಂತಿಯೂ ಆಗಬಹುದು.

ಇದು ಅಪರೂಪ, ಆದ್ದರಿಂದಲೇ ಪತ್ತೆ ಕಷ್ಟ. ರಕ್ತ ಬಿಟ್ಟು ಬಿಟ್ಟು ಸೋರುವುದರಿಂದ ಒಂದು ಎಂಡೋಸ್ಕೋಪಿಯಲ್ಲಿ ಏನೂ ಕಾಣದೆ ಹೋಗಬಹುದು. ಅಷ್ಟಕ್ಕೇ ನೆಮ್ಮದಿಯಾಗಬಾರದು. ‘ನನಗೆ ಮೇದೋಜೀರಕದಲ್ಲಿ ಕಲ್ಲಿದೆ’ ಎಂಬ ಒಂದು ಮಾತು ವೈದ್ಯರಿಗೆ ದಾರಿ ತೋರಿಸುತ್ತದೆ. ಸಿ.ಟಿ. ಆಂಜಿಯೋಗ್ರಫಿಯಲ್ಲಿ ಸೋರುವ ಜಾಗ ತಿಳಿದರೆ, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಅದನ್ನು ಮುಚ್ಚಬಹುದು. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾದೀತು.

ಗೋಕಾಕ, ಮೂಡಲಗಿ, ಹುಕ್ಕೇರಿಯ ನಮ್ಮ ಕುಟುಂಬಗಳು ಇಂಥ ಚಿಕಿತ್ಸೆಗೆ ಬೆಳಗಾವಿಯಂಥ ದೊಡ್ಡ ಊರಿನ ದಾರಿ ಹಿಡಿಯಬೇಕಾಗಬಹುದು. ಆದ್ದರಿಂದ ಹಳೆಯ ಸ್ಕ್ಯಾನ್ ವರದಿಗಳು ಕೈಗೆ ಸಿಗುವಂತಿರಲಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ನಿಜ. ಅದನ್ನು ವೈದ್ಯರೇ ನಿರ್ಣಯಿಸಲಿ. ಕಪ್ಪು ಮಲದೊಂದಿಗೆ ತಲೆಸುತ್ತು, ಬೆವರು, ಹೊಟ್ಟೆನೋವು ಇದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡೋಣ.

ಕೊನೆಗೊಂದು ಮಾತು. ಮದ್ಯ ಮತ್ತು ತಂಬಾಕು ಈ ಕಾಯಿಲೆಯ ದೊಡ್ಡ ಕಾರಣಗಳು, ಬಿಡಲೇಬೇಕು. ಆದರೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಮದ್ಯವನ್ನೇ ಮುಟ್ಟದ ಎಳೆಯರಲ್ಲೂ ಈ ಕಲ್ಲುಗಳನ್ನು ವೈದ್ಯರು ಬಹುಕಾಲದಿಂದ ಕಂಡಿದ್ದಾರೆ. ‘ಕುಡುಕನಿರಬೇಕು’ ಎಂಬ ನಮ್ಮ ಮಾತಿಗೆ ಹೆದರಿ ರೋಗಿ ಕಾಯಿಲೆ ಮುಚ್ಚಿಟ್ಟರೆ, ಆ ಮೌನದಲ್ಲಿ ನಮ್ಮ ಪಾಲೂ ಇದೆ. ತೀರ್ಪು ಕೊಡುವ ಮೊದಲು ಅವರನ್ನು ಆಸ್ಪತ್ರೆಗೆ ಕರೆದೊಯ್ಯೋಣ.