ಮಾಹಿತಿಯ ಒಡೆತನ ಯಾರದು?

ಹಳ್ಳಿಯ ಜಮೀನಿನ ಲೆಕ್ಕವನ್ನು ಹಿಂದೆ ಶಾನುಭೋಗರು ಇಡುತ್ತಿದ್ದರು. ಯಾರ ಹೊಲ ಎಷ್ಟು ಎಕರೆ, ಬೆಳೆದ ಬೆಳೆ ಯಾವುದು, ಕಟ್ಟಬೇಕಾದ ಕಂದಾಯವೆಷ್ಟು ಎಂಬುದೆಲ್ಲ ಅವರ ಕಡತದಲ್ಲಿ ಅಡಗಿತ್ತು. ವಿವರ ರೈತನದಾದರೂ ಅದನ್ನು ತಿಳಿಯಲು ಅವನು ಕಡತ ಹಿಡಿದವರ ಬಾಗಿಲಿಗೆ ಹೋಗಬೇಕಾಗಿತ್ತು. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಕಾಯಿದೆ ರದ್ದುಗೊಳಿಸಿತು. ಆದರೆ ಮಾಹಿತಿಯನ್ನು ಹಿಡಿದವನಿಗೆ ಅದರೊಡನೆ ಅಧಿಕಾರವೂ ಬರುತ್ತದೆಂಬ ಮಾತು ಇಂದಿಗೂ ಸುಳ್ಳಾಗಿಲ್ಲ.

ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರವು 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕೇಂದ್ರದಲ್ಲಿ ಆಗ 15 ರೂಪಾಯಿ ಕೊಟ್ಟವನಿಗೆ ಪಹಣಿಯ ಪ್ರತಿ ದೊರೆಯುತ್ತಿತ್ತು. ಇದು ದೊಡ್ಡ ಉಪಕಾರವೇ ಸರಿ. ಆದರೂ ಒಂದು ಸೂಕ್ಷ್ಮವನ್ನು ನಾವು ಗಮನಿಸಬೇಕು. ತೆರೆದಿಟ್ಟ ದಾಖಲೆ ಎಲ್ಲರಿಗೂ ಸಮನಾಗಿ ಕಂಡರೂ, ಅದನ್ನು ಓದಬಲ್ಲ, ಹುಡುಕಬಲ್ಲ, ಹಣ ಹೂಡಬಲ್ಲ ವ್ಯಕ್ತಿಗೆ ಅದು ಹೆಚ್ಚು ಫಲ ಕೊಡುತ್ತದೆ.

ಇನ್ನು ಆಧಾರ್ ವ್ಯವಸ್ಥೆಯನ್ನು ನೋಡೋಣ. ವಯಸ್ಕರ ಹತ್ತು ಬೆರಳುಗಳ ಗುರುತು, ಎರಡು ಕಣ್ಣುಗಳ ಪಾಪೆಯ ವಿನ್ಯಾಸ, ಮುಖದ ಚಿತ್ರ ಇವುಗಳನ್ನು 12 ಅಂಕೆಗಳ ಒಂದು ಸಂಖ್ಯೆಗೆ ಜೋಡಿಸಿ ಕೇಂದ್ರ ಭಂಡಾರದಲ್ಲಿ ಇಡಲಾಗುತ್ತದೆ. ಪಡಿತರದ ಅಂಗಡಿಯಲ್ಲಿ ಬೆರಳಿಟ್ಟಾಗ ಯಂತ್ರವು ಆ ಗುರುತನ್ನು ಭಂಡಾರಕ್ಕೆ ಕಳುಹಿಸುತ್ತದೆ. ಅಲ್ಲಿಂದ 'ಹೌದು' ಇಲ್ಲವೆ 'ಅಲ್ಲ' ಎಂಬ ಉತ್ತರ ಬರುತ್ತದೆ. ಆದರೆ ಕಲ್ಲು ಒಡೆದು, ಮಣ್ಣು ಹೊತ್ತು, ಪಾತ್ರೆ ತಿಕ್ಕಿ ಸವೆದ ಬೆರಳಿನ ಗೆರೆಗಳನ್ನು ಯಂತ್ರ ಗುರುತಿಸದೆ ಹೋಗುವುದುಂಟು. ಆಗ ಪರ್ಯಾಯಗಳಲ್ಲೊಂದು, ಮೊಬೈಲಿಗೆ ಬರುವ ಗುಪ್ತಸಂಖ್ಯೆ. ಮೊಬೈಲೇ ಇಲ್ಲದವರ ಪಾಡೇನು?

ಇದು ಕೆಲವರದೇ ಕಷ್ಟವೆಂದು ತಿಳಿಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ಶೇಕಡ 54 ಮಾತ್ರ. ಒಮ್ಮೆಯಾದರೂ ಅಂತರ್ಜಾಲವನ್ನು ಬಳಸಿದ್ದವರು ಪುರುಷರಲ್ಲಿ ಶೇಕಡ 57, ಮಹಿಳೆಯರಲ್ಲಿ ಶೇಕಡ 33. ಹೀಗೆ, ಭಂಡಾರವನ್ನು ಸೇರುವಲ್ಲಿ ಎಲ್ಲರೂ ಸಮಾನರು. ಅದರಿಂದ ತಮ್ಮದನ್ನು ಪಡೆಯುವಲ್ಲಿ ಮಾತ್ರ ಅಸಮಾನರು!

ಈ ವ್ಯವಸ್ಥೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಒಮ್ಮತದಿಂದ ಸಾರಿತು. 2018ರ ತೀರ್ಪು ಆಧಾರ್ ಕಾಯಿದೆಯನ್ನು ಬಹುಮತದಿಂದ ಎತ್ತಿಹಿಡಿದರೂ, ಖಾಸಗಿ ಸಂಸ್ಥೆಗಳ ಬಳಕೆಗೆ ಅವಕಾಶವಿತ್ತಿದ್ದ ಭಾಗವನ್ನು ತಳ್ಳಿಹಾಕಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ವಿಧಿಸಿದೆ. ಕನ್ನಡವೂ ಅವುಗಳಲ್ಲೊಂದು.

ಆದರೆ ಓದಲಾರದವನಿಗೆ ಸೂಚನೆಯಿಂದೇನು ಪ್ರಯೋಜನ? ತನ್ನ ವಿವರ ತಪ್ಪಾಗಿದೆಯೆಂದು ಅರಿಯದವನು ಅದನ್ನು ತಿದ್ದಿಸುವುದೆಂತು? ಮಾಹಿತಿಯ ರಕ್ಷಣೆ ಮತ್ತು ಮಾಹಿತಿಯನ್ನು ತಲುಪುವ ದಾರಿ ಒಂದೇ ಪ್ರಶ್ನೆಯ ಎರಡು ಮುಖಗಳು. ವಿದ್ಯಾವಂತ ತರುಣರು ತಮ್ಮ ಊರಿನ ಒಬ್ಬ ಅಜ್ಜಿಗೆ ಅವಳ ದಾಖಲೆಯನ್ನು ಓದಿ ಹೇಳಿ, ತಪ್ಪಿದ್ದರೆ ತಿದ್ದಿಸಿಕೊಟ್ಟರೆ, ಆ ಹಕ್ಕು ಕಾಗದದಿಂದ ಇಳಿದು ಅವಳ ಕೈಸೇರುವುದು.